ನೀರು ತಾಂಡಾದ ಲೆಕ್ಕಕ್ಕೆ, ಮಕ್ಕಳು ಬೋರ್ಡಿಂಗಿನಲ್ಲಿ

ಮಾನ್ಯ ಸಂಪಾದಕರೇ,

ಮಾರ್ಚ್ ತಿಂಗಳಿಡೀ ನಿಮ್ಮ ಮುಖಪುಟದಲ್ಲಿ ಬೆಂಗಳೂರಿನ ನೀರಿನ ಬವಣೆಯನ್ನು ಓದಿದೆ. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ, 12,000 ಲೀಟರ್ ಟ್ಯಾಂಕರ್ ಐದು ಕಿಲೋಮೀಟರಿನೊಳಗೆ ಬಂದರೆ 1,000 ರೂಪಾಯಿ ಎಂದು ಜಿಲ್ಲಾಡಳಿತವೇ ಕಟ್ಟಿದ ದರ. ಓದಿ ಮರುಕವಾಯಿತು. ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು ಎಂದು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಅಲ್ಲಿ ಟ್ಯಾಂಕರಿನವನು ಎಷ್ಟು ಕೇಳಬೇಕು ಎಂದು ಹೇಳಲು ಒಬ್ಬರಾದರೂ ಇದ್ದಾರೆ. ನಮ್ಮ ಕಡೆ 5,000 ಲೀಟರಿನ ಟ್ರ್ಯಾಕ್ಟರ್ ಟ್ಯಾಂಕರಿಗೆ ಜನವರಿಯಲ್ಲಿ 600 ರೂಪಾಯಿ ಇದ್ದದ್ದು ಈಗ 1,000 ಆಗಿದೆ. ಯಾಕಪ್ಪಾ ಎಂದರೆ, "ಬೋರಿನ ಮಾಲೀಕರನ್ನು ಕೇಳಿ ಅಕ್ಕೋರೇ" ಎನ್ನುತ್ತಾನೆ.

ನಾನು ಗದಗ ಜಿಲ್ಲೆಯಲ್ಲಿ, ಕಪ್ಪತಗುಡ್ಡದ ಸೆರಗಿನ ಒಂದು ಕ್ರೈಸ್ತ ಮಿಷನ್ ಕಂಪೌಂಡಿನಲ್ಲಿ ಹುಟ್ಟಿ, ಅಲ್ಲಿಯ ಶಾಲೆಯಲ್ಲೇ ಗಣಿತ ಕಲಿಸಿ ನಿವೃತ್ತಳಾದವಳು. ಈಗ ಹೆಣ್ಣುಮಕ್ಕಳ ಬೋರ್ಡಿಂಗಿನ ಲೆಕ್ಕಪತ್ರವನ್ನು ಸಂಬಳವಿಲ್ಲದೆ ನೋಡಿಕೊಳ್ಳುತ್ತೇನೆ. ಊರಿನ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ. ಬರೆದರೆ ನಾಳೆ ಯಾರೋ ಒಬ್ಬ ಕಿರಿಯ ನೌಕರನಿಗೆ ನೋಟಿಸ್ ಹೋಗುತ್ತದೆ, ಪದ್ಧತಿ ಮಾತ್ರ ಇದ್ದಲ್ಲೇ ಇರುತ್ತದೆ. ನನ್ನ ತಕರಾರು ಇರುವುದು ಪದ್ಧತಿಯ ಮೇಲೆ.

ನಮ್ಮ ಕಂಪೌಂಡು ಊರಿನಿಂದ ಸುಮಾರು ಒಂದೂವರೆ ಕಿಲೋಮೀಟರ್ ಆಚೆಗಿದೆ. ಒಂದು ದೇವಾಲಯ (ಚರ್ಚಿಗೆ ನಾವು ಹಾಗೆನ್ನುತ್ತೇವೆ), ಒಂದು ಅನುದಾನಿತ ಶಾಲೆ, ಬಾಗಿಲು ಮುಚ್ಚಿ ಬಹಳ ಕಾಲವಾದ ಒಂದು ದವಾಖಾನೆ, 14 ಮನೆಗಳು, ಸಾಲು ಹುಣಸೆಮರ, ಮತ್ತು 96 ಹುಡುಗಿಯರ ಬೋರ್ಡಿಂಗು. ಹುಡುಗಿಯರಲ್ಲಿ ಹೆಚ್ಚಿನವರು ಗುಡ್ಡದ ಸುತ್ತಲಿನ ಲಂಬಾಣಿ ತಾಂಡಾಗಳವರು. ನಮ್ಮ ಕ್ರೈಸ್ತ ಸಭೆಯ ಮಕ್ಕಳು ಬೆರಳೆಣಿಕೆಯಷ್ಟು. ತಂದೆತಾಯಿ ದಸರೆ ಕಳೆಯುತ್ತಲೇ ಗೋವಾಕ್ಕೋ, ಮಂಗಳೂರು ಉಡುಪಿ ಕಡೆಗೋ ಗುಳೆ ಹೋಗುತ್ತಾರೆ. ಮಕ್ಕಳನ್ನು ಜೊತೆಗೆ ಕರೆದುಕೊಂಡು ಹೋದರೆ ಶಾಲೆ ಮುಗಿದಂತೆಯೇ. ಹಾಗಾಗಬಾರದು ಎಂದೇ ಇಲ್ಲಿ ಬಿಟ್ಟು ಹೋಗುತ್ತಾರೆ.

ಕಳೆದ ವರ್ಷ, 2023ರ ಮಳೆಯ ಕಥೆ ನಿಮಗೆ ಗೊತ್ತು. ಜೂನ್ ತಡವಾಯಿತು, ಜುಲೈ ಒಂದಿಷ್ಟು ಆಸೆ ತೋರಿಸಿತು, ಹೆಸರುಕಾಳಿನ ಬೆಳೆ ಹೂ ಬಿಡುವ ಹೊತ್ತಿಗೆ ಆಗಸ್ಟ್ ಕೈ ಎತ್ತಿತು. ದಾಖಲೆ ಇಡಲು ಶುರುವಾದ 1901ರಿಂದ ಈಚೆಗೆ ಅಷ್ಟು ಒಣಗಿದ ಆಗಸ್ಟನ್ನು ದೇಶ ಕಂಡಿರಲಿಲ್ಲವಂತೆ. ಊರಿನ ಹುಡುಗರು ಆ ತಿಂಗಳು ಮಳೆ ಬೇಡಿ ಗುರ್ಜಿ ಹೊತ್ತರು. ರೊಟ್ಟಿ ಹಂಚನ್ನು ತಲೆಯ ಮೇಲಿಟ್ಟು, ಅದರ ಮೇಲೆ ಸಗಣಿಯ ಗುರ್ಜಿ ಕೂಡಿಸಿ, ಮನೆಮನೆಯ ಮುಂದೆ ನೀರು ಹಾಕಿಸಿಕೊಂಡು ಹಾಡುತ್ತ ನಮ್ಮ ಗೇಟಿನವರೆಗೂ ಬಂದರು. ಕಂಪೌಂಡಿನಲ್ಲಿ ಒಂದು ಕ್ಷಣ ಎಲ್ಲರೂ ಸಭಾಪಾಲಕರ, ಅಂದರೆ ಪಾದ್ರಿಯವರ, ಮುಖ ನೋಡಿದರು. ಅವರು ಜಾಣರು, ಯಾವುದೋ ಫೋನು ಬಂದಂತೆ ಒಳಗೆ ಹೋದರು. ನಾನು ಅರ್ಧ ತಂಬಿಗೆ ಹಾಕಿದೆ. ಅರ್ಧವೇ ಏಕೆ ಎಂದರೆ ಅಂದಿಗಾಗಲೇ ನಮ್ಮ ಬೋರು ಗಾಳಿ ಉಗುಳುತ್ತಿತ್ತು. ಭಾನುವಾರ ದೇವಾಲಯದಲ್ಲಿ ನಾವೂ ಮಳೆಗಾಗಿ ಪ್ರಾರ್ಥನೆ ಮಾಡಿದೆವು. ಎರಡಕ್ಕೂ ಸಿಕ್ಕ ಉತ್ತರ ಒಂದೇ.

ಹಿಂಗಾರೂ ಕೈಕೊಟ್ಟಿತು. ಎರೆಹೊಲದಲ್ಲಿ ಬಿತ್ತಿದ ಕಡಲೆ ಗೇಣುದ್ದಕ್ಕೆ ನಿಂತಿತು. ಬಿಳಿಜೋಳ ತೆನೆ ಕಟ್ಟದೆ ಮೇವಾಯಿತು, ಅದೂ ಅರೆಬರೆ. ಸೆಪ್ಟೆಂಬರಿನಲ್ಲಿ 195 ತಾಲ್ಲೂಕುಗಳನ್ನು ಬರಪೀಡಿತ ಎಂದು ಘೋಷಿಸಿದ ಸರ್ಕಾರ ನವೆಂಬರ್ ಹೊತ್ತಿಗೆ ರಾಜ್ಯದ 236 ತಾಲ್ಲೂಕುಗಳಲ್ಲಿ 223ಕ್ಕೆ ಬಂದು ನಿಂತಿತು. ಬಿಟ್ಟುಹೋದ ತಾಲ್ಲೂಕುಗಳನ್ನು ಎಣಿಸುವುದೇ ಸುಲಭ.

ನಮ್ಮಲ್ಲಿ ಸುಗ್ಗಿ ಹಬ್ಬ ಎಂದು ಮಾಡುತ್ತೇವೆ. ಹೊಲದಲ್ಲಿ ಬೆಳೆದದ್ದನ್ನು ದೇವಾಲಯದ ವೇದಿಕೆಯ ಮುಂದೆ ತಂದಿಟ್ಟು, ಆರಾಧನೆ ಮುಗಿದ ಮೇಲೆ ಹೊರಗೆ ಹುಣಸೆಮರದ ಕೆಳಗೆ ಲಿಲಾವು ಕೂಗಿ ಮಾರುವುದು ರೂಢಿ. ಒಳ್ಳೆಯ ವರ್ಷಗಳಲ್ಲಿ ಚೀಲಗಟ್ಟಲೆ ಜೋಳ, ಶೇಂಗಾ, ಕುಸುಬೆ, ಒಂದೆರಡು ಆಡಿನ ಮರಿ ಇರುತ್ತಿದ್ದವು. ಈ ಸಲ ವೇದಿಕೆಯ ಮುಂದೆ ಬಂದದ್ದು ನಾಲ್ಕು ಕುಂಬಳಕಾಯಿ, ಅರ್ಧ ಚೀಲ ಕಡಲೆ, ಮೊರದ ತುಂಬ ಹುಣಸೆಹಣ್ಣು, ಮತ್ತು ಪೇಟೆಯಲ್ಲಿ ಕೊಂಡು ತಂದ ಒಂದು ಹೆಡಿಗೆ ಬಾಳೆಹಣ್ಣು. ಒಬ್ಬ ರೈತರು ಏನೂ ಇಲ್ಲವೆಂದು ಹೊಲದ ಬಿರುಕು ಬಿಟ್ಟ ಹೆಂಟೆಯೊಂದನ್ನೇ ತಂದಿಟ್ಟರು. ಅದನ್ನೂ ಲಿಲಾವಿಗೆ ಹಾಕಿದರು. ಮುಂಬೈಯಿಂದ ರಜೆಗೆ ಬಂದಿದ್ದ ಅವರ ತಮ್ಮ 2,000 ರೂಪಾಯಿಗೆ ಕೂಗಿ, ಹೆಂಟೆಯನ್ನು ಅಲ್ಲೇ ಮರದ ಬುಡಕ್ಕೆ ಹಾಕಿ, ದುಡ್ಡು ಎಣಿಸಿ ಕೊಟ್ಟರು. ಜನ ನಕ್ಕರು. ಆ ದುಡ್ಡಿನಿಂದಲೇ ಎರಡು ಟ್ಯಾಂಕರ್ ನೀರು ಬಂತು, ಆದ್ದರಿಂದ ಇಲ್ಲಿ ಬರೆದೆ.

ಇನ್ನು ವಿಷಯಕ್ಕೆ ಬರುತ್ತೇನೆ. ನಮ್ಮಲ್ಲಿ ನಳ ಇದೆ. ಶಾಲೆ, ಅಂಗನವಾಡಿಗಳಿಗೆ ನಳ ಕೊಡುವ ನೂರು ದಿನಗಳ ಅಭಿಯಾನವನ್ನು ಕೇಂದ್ರ ಸರ್ಕಾರದ ಜಲಜೀವನ ಮಿಷನ್ ಯೋಜನೆ 2020ರ ಅಕ್ಟೋಬರ್ 2ರಂದು ಶುರು ಮಾಡಿದ ಮೇಲೆ ನಮ್ಮ ಶಾಲೆಯ ಗೋಡೆಗೂ ಒಂದು ನಳ ಬಂತು, ಪಕ್ಕದಲ್ಲಿ ನೀಲಿ ಬಣ್ಣದ ಬರಹವೂ ಬಂತು. ಒಬ್ಬರಿಗೆ ದಿನಕ್ಕೆ 55 ಲೀಟರ್ ಎಂಬುದು ಆ ಯೋಜನೆಯ ಅಳತೆ. ಡಿಸೆಂಬರ್‌ವರೆಗೆ ವಾರಕ್ಕೊಮ್ಮೆ ಬರುತ್ತಿದ್ದ ನೀರು ಜನವರಿಯಲ್ಲಿ ನಿಂತಿತು. ಹೊಳೆಯಲ್ಲಿ ನೀರಿಲ್ಲದಿದ್ದರೆ ನಳಕ್ಕೆ ಎಲ್ಲಿಂದ ಬರಬೇಕು, ಅದಕ್ಕೆ ನಾನು ಯಾರನ್ನೂ ದೂರುವುದಿಲ್ಲ. ಊರಿನ ಶುದ್ಧ ಕುಡಿಯುವ ನೀರಿನ ಘಟಕ ಐದು ರೂಪಾಯಿ ನಾಣ್ಯಕ್ಕೆ ಒಂದು ಕ್ಯಾನು ಕೊಡುತ್ತಿತ್ತು. ಅದರ ಬೋರು ಬತ್ತಿದ ಮೇಲೆ ಅದಕ್ಕೂ ಬೀಗ ಬಿತ್ತು. ಉಳಿದದ್ದು ಟ್ಯಾಂಕರ್.

ಟ್ಯಾಂಕರ್ ನೀರು ಹಂಚುವುದು ಜನವಸತಿಯ ಪಟ್ಟಿಯ ಪ್ರಕಾರ. ಪಟ್ಟಿಯಲ್ಲಿ ನಮ್ಮ ಕಂಪೌಂಡಿನ ಜನಸಂಖ್ಯೆ 61 ಎಂದಿದೆ. 14 ಮನೆಗಳಿಗೆ ಅದು ಸರಿ. 61 ಜನರಿಗೆ ಬರಬೇಕಾದಷ್ಟು ನೀರು ಹೆಚ್ಚುಕಡಿಮೆ ಬಂದಿದೆ, ಅದನ್ನೂ ಹೇಳಿಬಿಡಬೇಕು. ಬೋರ್ಡಿಂಗಿನ 96 ಮಕ್ಕಳು ಮಾತ್ರ ಆ ಪಟ್ಟಿಯಲ್ಲಿ ಎಲ್ಲಿಯೂ ಇಲ್ಲ. ಅರ್ಜಿ ಹಿಡಿದುಕೊಂಡು ಕಚೇರಿಗೆ ಹೋದೆ. ಅಲ್ಲಿಯ ಅಧಿಕಾರಿ ಸಭ್ಯರು. ಕುರ್ಚಿ ಹಾಕಿಸಿದರು, ಚಹಾ ತರಿಸಿದರು.

"ಅಕ್ಕೋರೇ, ಆ ಮಕ್ಕಳ ರೇಷನ್ ಕಾರ್ಡು ಅವರವರ ತಾಂಡಾದಲ್ಲಿದೆ. ಅಲ್ಲಿಯ ಜನಸಂಖ್ಯೆಯಲ್ಲಿ ಅವರನ್ನು ಎಣಿಸಿ ನೀರು ಕೊಡುತ್ತಿದ್ದೇವೆ. ಇಲ್ಲಿಯೂ ಕೊಟ್ಟರೆ ಒಬ್ಬರಿಗೆ ಎರಡು ಕಡೆ ಕೊಟ್ಟಂತಾಗುತ್ತದೆ. ಆಡಿಟ್‌ನವರು ನನ್ನನ್ನು ಬಿಡುವುದಿಲ್ಲ" ಎಂದರು.

ಗಣಿತದ ಮೇಷ್ಟರಾಗಿ ನನಗೆ ಅವರ ಲೆಕ್ಕದಲ್ಲಿ ತಪ್ಪು ಕಾಣಲಿಲ್ಲ. ಆದರೂ ಲೆಕ್ಕ ಹೊಂದಿದ ಮಾತ್ರಕ್ಕೆ ಕೊಡ ತುಂಬುವುದಿಲ್ಲವಲ್ಲ. ಅಲ್ಲಿಂದ ನೇರವಾಗಿ, ನಮ್ಮ ಹದಿಮೂರು ಹುಡುಗಿಯರು ಇರುವ ಒಂದು ತಾಂಡಾಕ್ಕೆ ಹೋದೆ. ಮಧ್ಯಾಹ್ನದ ಬಿಸಿಲು. ಸಾಲು ಮನೆಗಳಲ್ಲಿ ಮುಕ್ಕಾಲು ಪಾಲು ಬಾಗಿಲುಗಳಿಗೆ ಬೀಗ. ಸೇವಾಲಾಲರ ಗುಡಿಯ ಕಟ್ಟೆಯ ಮೇಲೆ ಒಬ್ಬ ಅಜ್ಜಿ ಕುಳಿತಿದ್ದರು. ಅವರ ಸೆರಗಿನ ತುದಿಯಲ್ಲಿ ಕೀಲಿಕೈಗಳ ದೊಡ್ಡ ಗಂಟು. ಗುಳೆ ಹೋದವರು ಹೋಗುವಾಗ ಅವರ ಕೈಗೆ ಕೊಟ್ಟು ಹೋಗಿದ್ದಾರೆ. ಯಾವ ಕೀಲಿಕೈ ಯಾವ ಮನೆಯದು ಎಂಬುದಕ್ಕೆ ಒಂದೊಂದಕ್ಕೂ ಒಂದೊಂದು ಬಣ್ಣದ ದಾರ ಕಟ್ಟಿಕೊಂಡಿದ್ದರು, ಲಂಬಾಣಿ ಹೆಂಗಸರ ಕುಪ್ಪಸವಾದ ಕಾಂಚಳಿ ಹೊಲಿಯುವ ದಾರ. ನಾನಿದ್ದ ಹೊತ್ತಿಗೇ ಟ್ಯಾಂಕರ್ ಬಂತು. ಚಾಲಕ ಪ್ಲಾಸ್ಟಿಕ್ ಟ್ಯಾಂಕಿಗೆ ಕೊಳವೆ ಬಿಟ್ಟ, ತುಂಬಿತು, ಮೇಲೆ ಹರಿಯಿತು, ಹರಿದದ್ದನ್ನು ಆಡುಗಳು ಕುಡಿದವು. ವಹಿಯಲ್ಲಿ ಅಜ್ಜಿಯ ಹೆಬ್ಬೆಟ್ಟು ಒತ್ತಿಸಿಕೊಂಡು ಹೋದ.

ತಾಂಡಾದ ನೀರನ್ನು ಕಡಿಮೆ ಮಾಡಿ ಎಂದು ನಾನು ಹೇಳುತ್ತಿಲ್ಲ, ದಯವಿಟ್ಟು ಯಾರೂ ಹಾಗೆ ಓದಬೇಡಿ. ಅಲ್ಲಿ ಉಳಿದಿರುವವರು ಮುದುಕರು. ದೂರದಿಂದ ಹೊತ್ತು ತರಲು ಅವರ ಕೈಲಾಗದು. ಆಡುಗಳೂ ಕುಡಿಯಲಿ. ಆದರೆ ಮಗು ಇರುವುದು ಬೋರ್ಡಿಂಗಿನಲ್ಲಿ, ಅದರ ತಾಯಿ ಗೋವಾದಲ್ಲಿ, ಅವರಿಬ್ಬರ ಪಾಲಿನ ನೀರು ಬೀಗ ಹಾಕಿದ ಮನೆಯ ಮುಂದೆ ಹರಿಯುತ್ತದೆ ಎಂದರೆ ಇದನ್ನು ಯಾವ ಲೆಕ್ಕ ಎಂದು ಕರೆಯಬೇಕು?

ಅಕ್ಕಿಗೆ ಈ ತೊಡಕು ಇಲ್ಲ. ಒಂದು ದೇಶ ಒಂದು ಪಡಿತರ ಚೀಟಿ ಬಂದ ಮೇಲೆ ಗುಳೆ ಹೋದವರು ದೇಶದ ಯಾವ ಮೂಲೆಯ ನ್ಯಾಯಬೆಲೆ ಅಂಗಡಿಯಲ್ಲಾದರೂ ಹೆಬ್ಬೆಟ್ಟು ಒತ್ತಿ ಧಾನ್ಯ ಪಡೆಯಬಹುದು. ಮಕ್ಕಳ ಎಣಿಕೆಯೂ ಸರ್ಕಾರಕ್ಕೆ ಹೊಸದಲ್ಲ. ನಮ್ಮ ಶಾಲೆಯಲ್ಲಿ ಪ್ರತಿದಿನ ಬೆಳಿಗ್ಗೆ ಹಾಜರಿ ತೆಗೆದು ಅದರ ಮೇಲೆಯೇ ಬಿಸಿಯೂಟಕ್ಕೆ ಅಕ್ಕಿ ಬೇಳೆ ಅಳೆದು ಹಾಕುತ್ತಾರೆ. ಮೊಟ್ಟೆ ಕೊಡುವುದಕ್ಕೂ ತಲೆ ಎಣಿಕೆ. ಕ್ಷೀರಭಾಗ್ಯದ ಹಾಲಿನ ಪುಡಿಯೂ ಮಗುವಿಗೆ 18 ಗ್ರಾಂನಂತೆ ಲೆಕ್ಕ ಹಾಕಿಯೇ ಬರುತ್ತದೆ. ಆ ಪುಡಿಯಿಂದ 150 ಮಿಲಿಲೀಟರ್ ಹಾಲು ಮಾಡಬೇಕು. ಪುಡಿ ಬಂತು, ನೀರು ಇಲ್ಲ. ಫೆಬ್ರುವರಿಯಲ್ಲಿ ಅಡುಗೆಯವರು ಪುಡಿಯ ಪೊಟ್ಟಣಗಳನ್ನು ಕಪಾಟಿನಲ್ಲಿ ಜೋಡಿಸಿ ಇಟ್ಟು, ನನ್ನನ್ನು ಕರೆದು ತೋರಿಸಿ, "ಹೀಗೆಯೇ ಚಮಚದಲ್ಲಿ ತಿನ್ನಿಸಿಬಿಡೋಣವೇ ಅಕ್ಕೋರೇ?" ಎಂದರು. ಮೊಟ್ಟೆ ಬೇಯಿಸಿದ ನೀರನ್ನು ಆರಿಸಿ ಪಾತ್ರೆ ತೊಳೆಯಲು ಇಡುವಷ್ಟರ ಮಟ್ಟಿಗೆ ನಾವು ಜಾಣರಾಗಿದ್ದೆವು.

96 ಮಕ್ಕಳಿಗೆ ತಲಾ 55 ಲೀಟರ್ ಎಂದರೆ 5,280 ಲೀಟರ್, ಅಂದರೆ ದಿನಕ್ಕೆ ಒಂದು ಟ್ರ್ಯಾಕ್ಟರ್ ಟ್ಯಾಂಕರ್. ನಾವು ಅಷ್ಟನ್ನೂ ಕೇಳಲಿಲ್ಲ. ತಲಾ 20 ಲೀಟರ್ ಸಿಕ್ಕರೂ ನಡೆಸುತ್ತೇವೆ ಎಂದು ಅರ್ಜಿಯಲ್ಲೇ ಬರೆದಿದ್ದೆವು. ಅಷ್ಟಕ್ಕೆ ಎರಡೂವರೆ ದಿನಕ್ಕೆ ಒಂದು ಟ್ಯಾಂಕರ್ ಸಾಕು. ಅದೂ ಸಿಗದೆ ನಾವೇ ಕೊಂಡೆವು. ತಿಂಗಳಿಗೆ ಸುಮಾರು 12,000 ರೂಪಾಯಿ. ಸುಗ್ಗಿ ಹಬ್ಬದ ದುಡ್ಡು, ಸಭೆಯ ಹಳೆಯ ಸದಸ್ಯರು ಪುಣೆ ಹುಬ್ಬಳ್ಳಿಯಿಂದ ಕಳಿಸಿದ್ದು, ನನ್ನ ಪಿಂಚಣಿಯ ಒಂದಿಷ್ಟು, ಎಲ್ಲವೂ ನೀರಿನ ಸಂಪಿಗೆ ಹೋಯಿತು.

ಸಂಪಿಗೆ ಒಂದು ಬೇವಿನ ಕೋಲು ಇಟ್ಟಿದ್ದೇವೆ. ಅದಕ್ಕೆ ಚಾಕುವಿನಿಂದ ಗೀರು ಹಾಕಿದ್ದು ಹತ್ತನೆಯ ತರಗತಿಯ ಹುಡುಗಿಯರೇ. ಘನಫಲದ ಪಾಠ ನಡೆಯುತ್ತಿತ್ತು, ಸಂಪಿನ ಉದ್ದ ಅಗಲ ಅಳೆದು, ಗೀರಿಗೆ 250 ಲೀಟರ್ ಎಂದು ತಾವೇ ಲೆಕ್ಕ ಹಾಕಿದರು. ಬೆಳಿಗ್ಗೆ ಒಬ್ಬಳು, ಸಂಜೆ ಒಬ್ಬಳು ಕೋಲು ಇಳಿಸಿ ಎಲ್ಲಿಯವರೆಗೆ ಒದ್ದೆಯಾಯಿತು ಎಂದು ಹಲಗೆಯ ಮೇಲೆ ಬರೆಯುವರು. ಮಗುವಿಗೆ ಸ್ನಾನಕ್ಕೆ ವಾರದಲ್ಲಿ ಎರಡು ದಿನ ಅರ್ಧ ಬಕೆಟ್. ಆ ನೀರು ಕಾಲುವೆ ಹಿಡಿದು ಶೌಚಾಲಯದ ತೊಟ್ಟಿಗೆ ಹೋಗುವಂತೆ ಮಾಡಿಸಿದೆವು. ಬಟ್ಟೆ ಒಗೆಯುವುದು ಶನಿವಾರ ಮಾತ್ರ. ಇಷ್ಟೆಲ್ಲ ಮಾಡಿಯೂ ನಮಗೆ ತಡವಾಗಿ ಗೊತ್ತಾದ ಸಂಗತಿ ಒಂದಿತ್ತು. ದೊಡ್ಡ ಹುಡುಗಿಯರು ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದರು. ಕುಡಿದರೆ ಶೌಚಾಲಯಕ್ಕೆ ಹೋಗಬೇಕು, ಹೋದರೆ ಇನ್ನೊಂದು ಚೊಂಬು ಕೇಳಬೇಕು. ಮುಟ್ಟಿನ ದಿನಗಳಲ್ಲಿ ಕೇಳಲು ಇನ್ನೂ ಸಂಕೋಚ. ಮೂವರಿಗೆ ಉರಿಮೂತ್ರವಾಗಿ ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋದಾಗ ವೈದ್ಯರು ಚೀಟಿಯಲ್ಲಿ ಮಾತ್ರೆಯ ಕೆಳಗೆ "ನೀರು ಹೆಚ್ಚು ಕುಡಿಯಬೇಕು" ಎಂದು ಬರೆದುಕೊಟ್ಟರು. ಆ ಚೀಟಿಯನ್ನೂ ಅರ್ಜಿಗೆ ಲಗತ್ತಿಸಿದ್ದೇನೆ.

ಫೆಬ್ರುವರಿ ಕೊನೆಗೆ ಏಳನೆಯ ತರಗತಿಯವರೆಗಿನ ಮಕ್ಕಳನ್ನು ಮನೆಗೆ ಕಳಿಸಬೇಕಾಯಿತು. ಹತ್ತನೆಯವರನ್ನು ಪರೀಕ್ಷೆ ಮುಗಿಯುವವರೆಗೆ ಹೇಗೋ ಉಳಿಸಿಕೊಂಡೆವು. ಮನೆಗೆ ಎಂದೆ, ಆದರೆ ಮನೆಯಲ್ಲಿ ಯಾರಿದ್ದಾರೆ? ಅಜ್ಜಿ ಇದ್ದವರು ಅಜ್ಜಿಯ ಬಳಿ ಹೋದರು. ಉಳಿದವರನ್ನು ಕರೆದೊಯ್ಯಲು ಅಪ್ಪಂದಿರು ಗೋವಾದಿಂದ ರಾತ್ರಿ ಬಸ್ಸಿಗೆ ಬಂದರು. ಆರನೆಯ ತರಗತಿಯ ಒಬ್ಬಳು ಭಿನ್ನರಾಶಿಯಲ್ಲಿ ಬಹಳ ಚುರುಕು. ಅವಳು ಈಗ ಕಟ್ಟಡ ಕೆಲಸದ ಜಾಗದಲ್ಲಿ ತಮ್ಮನನ್ನು ಎತ್ತಿಕೊಂಡು ಇರುತ್ತಾಳಂತೆ. ಅವಳ ಅಪ್ಪ ಹೋಗುವಾಗ ನನಗೆ ಏನೂ ಅನ್ನಲಿಲ್ಲ. "ನೀವು ಮಾಡುವಷ್ಟು ಮಾಡಿದಿರಿ ಬಾಯಿ" ಎಂದು ಕೈಮುಗಿದರು. ಜಗಳವಾಡಿದ್ದರೆ ಚೆನ್ನಾಗಿತ್ತು.

ಬರಪೀಡಿತ ತಾಲ್ಲೂಕುಗಳಲ್ಲಿ ಈ ಬೇಸಿಗೆ ರಜೆಯಲ್ಲೂ ಬಿಸಿಯೂಟ ಕೊಡುತ್ತಿದ್ದಾರೆ, ಅದು ಮೆಚ್ಚತಕ್ಕ ಕೆಲಸ. ಆದರೆ ಊಟ ಇರುವುದು ಊರಿನಲ್ಲಿ ಉಳಿದ ಮಕ್ಕಳಿಗೆ. ಗುಳೆ ಹೋಗುವವರ ಮಕ್ಕಳಿಗಾಗಿ ಹಂಗಾಮಿ ವಸತಿ ನಡೆಸಲು ಸಮಗ್ರ ಶಿಕ್ಷಣ ಯೋಜನೆಯಲ್ಲೇ ಅವಕಾಶವಿದೆ. ನಮ್ಮಲ್ಲಿ ಕಟ್ಟಡ ಇದೆ, ಮಂಚಗಳಿವೆ, ಅಡುಗೆಯವರಿದ್ದಾರೆ, ರಜೆಯಲ್ಲಿ ಸಂಬಳವಿಲ್ಲದೆ ನೋಡಿಕೊಳ್ಳಲು ನನ್ನಂಥ ಕೆಲಸವಿಲ್ಲದ ಮುದುಕಿಯರೂ ಇದ್ದಾರೆ. ಬರಗಾಲದಲ್ಲಿ ಬೋರ್ಡಿಂಗು ರಜೆಯಲ್ಲೂ ತೆರೆದಿರಬೇಕು ಎಂಬುದು ನನ್ನ ವಾದ. ಇಲ್ಲಿ ಆಗಿರುವುದು ರಜೆಗೆ ಮುಂಚೆಯೇ ಮುಚ್ಚಿದ್ದು, ಅದೂ ದಿನಕ್ಕೆ ಅರ್ಧ ಟ್ಯಾಂಕರ್ ನೀರಿಲ್ಲದೆ.

ಈಗ ಬಾವಿಯ ವಿಷಯ. ಇದನ್ನು ಬರೆಯಲೇಬೇಕು, ಏಕೆಂದರೆ "ನಿಮ್ಮ ಮಿಷನ್ ಬಾವಿ ಇದೆಯಲ್ಲ" ಎಂದು ಕಚೇರಿಯಲ್ಲಿ ಒಬ್ಬರು ಅಂದರು.

ಇದೆ. ದೇವಾಲಯದ ಹಿಂದೆ, ಕಟ್ಟೆಯ ಕಲ್ಲಿನ ಮೇಲೆ 1878 ಎಂದು ಕೊರೆದಿದೆ. ಧಾತು, ಈಶ್ವರ ಸಂವತ್ಸರಗಳ (1876-78) ಆ ದೊಡ್ಡ ಬರದ ಮಾತನ್ನು ನಾವು ಅಜ್ಜಿಯರ ಬಾಯಲ್ಲಿ ಕೇಳಿದ್ದೇವೆ. ಮದ್ರಾಸ್, ಮುಂಬೈ ಪ್ರಾಂತ್ಯಗಳಲ್ಲೂ ಮೈಸೂರು ಸೀಮೆಯಲ್ಲೂ ಲಕ್ಷಗಟ್ಟಲೆ ಜನ ಸತ್ತ ಬರ ಅದು. ಪರಿಹಾರ ಕಾಮಗಾರಿಯಲ್ಲಿ ದುಡಿಯುವವನಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ ಸಾಕು ಎಂದು ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ ಕೂಲಿ ಇಳಿಸಿದ್ದು ಆಗಲೇ. ಅನಾಥ ಮಕ್ಕಳನ್ನು ಮಿಷನ್‌ಗಳು ಸೇರಿಸಿಕೊಂಡು ಸಾಕಿದವು. ನನ್ನ ಅಜ್ಜಿಯ ಅಜ್ಜಿ ಅಂಥ ಒಂದು ಮಗು. ಅವರ ಊರು ಯಾವುದು, ಜಾತಿ ಯಾವುದು, ಅಪ್ಪನ ಹೆಸರೇನು, ನಮಗೆ ಯಾರಿಗೂ ಗೊತ್ತಿಲ್ಲ. ಯಾವ ಊರಿನ ಲೆಕ್ಕಕ್ಕೆ ಸೇರಿದವಳು ಎಂದು ಅಂದು ಯಾರಾದರೂ ಕೇಳಿಕೊಂಡು ಕುಳಿತಿದ್ದರೆ ಈ ಪತ್ರ ಬರೆಯಲು ನಾನು ಇರುತ್ತಿರಲಿಲ್ಲ.

ನಳ ಬಂದ ಮೇಲೆ ಬಾವಿಯನ್ನು ಕೇಳುವವರಿಲ್ಲದೆ ಹೂಳು ತುಂಬಿತ್ತು. ಮಾರ್ಚಿನಲ್ಲಿ ಸಭೆಯವರೂ ಊರಿನ ಓಣಿಯವರೂ ಸೇರಿ ಹೂಳು ತೆಗೆದೆವು. ಗಡಗಡೆಗೆ ಹೊಸ ಹಗ್ಗ ಹಾಕಿ, ಬುಟ್ಟಿಯಲ್ಲಿ ಕೆಸರು ಮೇಲೆತ್ತಿ, ಸಾಲು ನಿಂತು ಕೈಯಿಂದ ಕೈಗೆ ದಾಟಿಸಿದರು. ಮೇಲೆ ಬಂದದ್ದು ನೂರಾರು ಪ್ಲಾಸ್ಟಿಕ್ ಚೀಲ, ಕ್ರಿಕೆಟ್ ಚೆಂಡುಗಳು, ತಳ ಹೋದ ಹಿತ್ತಾಳೆ ಕೊಡ, ಶಾಲೆಯ ಕಂಚಿನ ಗಂಟೆಯ ನಾಲಗೆ. ಗಂಟೆಯ ನಾಲಗೆಯನ್ನು ಯಾರು ಹಾಕಿದ್ದರು ಎಂದು ನನಗೆ ಗುಮಾನಿ ಇದೆ. ಅವರು ಈಗ ಊರಿನ ಗಣ್ಯರು, ಅಲ್ಲೇ ನಿಂತು ಬುಟ್ಟಿ ದಾಟಿಸುತ್ತಿದ್ದರು, ನನ್ನ ಕಡೆ ನೋಡಲಿಲ್ಲ. ಸುಮಾರು 40 ಅಡಿಗೆ ಈಶಾನ್ಯ ಮೂಲೆಯಲ್ಲಿ ಕಲ್ಲಿನ ಸಂದಿಯಿಂದ ಸೆಲೆ ಒಸರತೊಡಗಿತು. ವಾಸ್ತು ನಂಬುವವರಿಗೆ ಅಂದು ಬಹಳ ಖುಷಿಯಾಯಿತು. ಪಂಚಾಯಿತಿಯ ಹೆಣ್ಣುಮಕ್ಕಳು ನೀರು ಪರೀಕ್ಷೆಯ ಪೆಟ್ಟಿಗೆ ತಂದು ನೋಡಿದರು. ನಮ್ಮ ಕಡೆಯ ಆಳದ ಬೋರುಗಳಲ್ಲಿ ಫ್ಲೋರೈಡ್ ಇದೆ, ಮಕ್ಕಳ ಹಲ್ಲು ಕಂದು ಹಿಡಿಯುವುದು ಅದರಿಂದಲೇ. ಬಾವಿಯ ನೀರಿನಲ್ಲಿ ಅದು ಲೀಟರಿಗೆ 1.5 ಮಿಲಿಗ್ರಾಂ ಮಿತಿಗಿಂತ ಕೆಳಗೇ ಇತ್ತು.

ಬೆಳಿಗ್ಗೆ ನಲವತ್ತು ಕೊಡ, ಸಂಜೆ ನಲವತ್ತು ಕೊಡ. ಅದಕ್ಕಿಂತ ಹೆಚ್ಚು ಎಳೆದರೆ ಕೆಸರು ಬರುತ್ತದೆ. ನಮ್ಮ ಕಮಿಟಿಯಲ್ಲಿ ಕೆಲವರು ಕಬ್ಬಿಣದ ಜಾಳಿಗೆ ಹಾಕಿಸಿ ಬೀಗ ಹಾಕೋಣ, ನೀರು ಕಂಪೌಂಡಿಗೆ ಮಾತ್ರ ಇರಲಿ ಎಂದರು. ನಾನು ಒಪ್ಪಲಿಲ್ಲ, ಸ್ವಲ್ಪ ಜೋರಾಗಿಯೇ ಮಾತಾಡಿದೆ. ಊರ ಬಾವಿಗೆ ಹಗ್ಗ ಇಳಿಸಲು ಬಿಡದಿದ್ದ ಕಾಲದಲ್ಲಿ ಕೇರಿಯ ಹೆಂಗಸರು ಕೊಡ ಹಿಡಿದು ಬರುತ್ತಿದ್ದದ್ದು ಈ ಬಾವಿಗೆ. ಕಟ್ಟೆಯ ಕಲ್ಲಿನಲ್ಲಿ ಹಗ್ಗ ಉಜ್ಜಿ ಬಿದ್ದ ಗೆರೆಗಳು ಅವರವು. ಅಂಥ ಬಾವಿಗೆ ಬೀಗ ಹಾಕಿ ಭಾನುವಾರ ಪ್ರಸಂಗ ಕೇಳಲು ಕುಳಿತುಕೊಳ್ಳುವುದು ನನ್ನಿಂದಾಗದು. ಕೊನೆಗೆ ಬೆಳಗಿನ ನಲವತ್ತು ಊರಿಗೆ, ಸಂಜೆಯದು ಬೋರ್ಡಿಂಗಿಗೆ ಎಂದು ತೀರ್ಮಾನವಾಯಿತು. ಒಂದೆರಡು ದಿನ ಸರದಿಗಾಗಿ ಕೂಗಾಟ ನಡೆದು, ಊರಿನ ಹೆಂಗಸರೇ ಒಬ್ಬರನ್ನು ಹಿರಿಯಳಾಗಿ ನಿಲ್ಲಿಸಿದ ಮೇಲೆ ಸುಸೂತ್ರವಾಯಿತು. ಕೊಡಕ್ಕೆ 15 ಲೀಟರ್ ಹಿಡಿದರೂ ನಮ್ಮ ಪಾಲು 600 ಲೀಟರ್, 96 ಮಕ್ಕಳಿಗೆ ಹಂಚಿದರೆ ತಲಾ ಆರು ಲೀಟರ್ ಚಿಲ್ಲರೆ. ಬಾವಿ ಇದೆಯಲ್ಲ ಎಂದವರು ಈ ಭಾಗಾಕಾರವನ್ನು ಮಾಡಿ ನೋಡಲಿ.

ನಾನು ಕೇಳುವುದು ದೊಡ್ಡದೇನಲ್ಲ. ಬರ ಪರಿಹಾರಕ್ಕೆ ರಾಜ್ಯ ಕೇಳಿದ್ದು 18,171 ಕೋಟಿ ರೂಪಾಯಿ, ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದ ಮೇಲೆ ಕೇಂದ್ರದಿಂದ ಬಂದದ್ದು 3,454 ಕೋಟಿ. ಆ ಜಗಳವನ್ನು ದೊಡ್ಡವರು ಆಡಿಕೊಳ್ಳಲಿ. ಟ್ಯಾಂಕರ್ ಪಟ್ಟಿ ತಯಾರಿಸುವ ನಮೂನೆಯಲ್ಲಿ ಒಂದು ಅಂಕಣ ಹೆಚ್ಚಿಗೆ ಹಾಕಿ: ಈ ಜಾಗದಲ್ಲಿ ರಾತ್ರಿ ಮಲಗುವ ವಿದ್ಯಾರ್ಥಿಗಳು ಎಷ್ಟು. ಅದನ್ನು ತುಂಬಲು ಯಾರೂ ಮನೆಮನೆಗೆ ಹೋಗಬೇಕಿಲ್ಲ. ಶಾಲೆಯ ಹಾಜರಿ ಪುಸ್ತಕ ಇದೆ, ಮಗುವಿನ ಹೆಸರಿಗೆ ಸರ್ಕಾರವೇ ಕೊಟ್ಟ ನಂಬರ್ ಇದೆ. ಜನಗಣತಿಯನ್ನು ನಂಬಿಕೊಂಡರೆ ಕೊನೆಯದು ನಡೆದದ್ದು 2011ರಲ್ಲಿ, ನಮ್ಮ ಬೋರ್ಡಿಂಗಿನಲ್ಲಿ ಈಗಿರುವ ಮುಕ್ಕಾಲು ಪಾಲು ಮಕ್ಕಳು ಆಗ ಹುಟ್ಟಿಯೇ ಇರಲಿಲ್ಲ.

ಇದು ಮಿಷನ್ನಿನವರ ಅಹವಾಲು ಎಂದು ಯಾರಾದರೂ ಪಕ್ಕಕ್ಕೆ ಇಟ್ಟಾರು ಎಂಬ ಭಯ ನನಗಿದೆ. ನಮ್ಮ ಸೀಮೆಯಲ್ಲಿ ಮಠಗಳು ಉಚಿತ ಪ್ರಸಾದ ನಿಲಯಗಳನ್ನು ನಡೆಸುತ್ತವೆ, ಅಲ್ಲಿಯ ಹುಡುಗರೂ ಬೇರೆ ಊರಿನ ರೇಷನ್ ಕಾರ್ಡಿನವರೇ. ಪಕ್ಕದ ತಾಲ್ಲೂಕಿನ ಒಂದು ಮಠದ ಪ್ರಸಾದ ನಿಲಯದ ವ್ಯವಸ್ಥಾಪಕರು ಮತ್ತು ನಾನು ಈಗ ಫೋನಿನಲ್ಲಿ ಮಾತಾಡಿಕೊಳ್ಳುತ್ತೇವೆ. ಅವರಿಗೂ ಕಚೇರಿಯಲ್ಲಿ ಸಿಕ್ಕ ಉತ್ತರ ಅದೇ, ಚಹಾ ಮಾತ್ರ ಸಿಗಲಿಲ್ಲವಂತೆ. ಇಬ್ಬರೂ ಸೇರಿ ಒಂದೇ ಅರ್ಜಿ ಬರೆದು ಎರಡು ಸಹಿ ಹಾಕಿದ್ದೇವೆ.

ಹೋದ ವಾರ ಕಚೇರಿಯಲ್ಲಿ ವಿಚಾರಿಸಿದಾಗ "ಚುನಾವಣೆ ಇದೆ ಅಕ್ಕೋರೇ, ನೀತಿ ಸಂಹಿತೆ, ಮೇ 7ರ ಮತದಾನ ಮುಗಿಯಲಿ" ಎಂದರು. ಕುಡಿಯುವ ನೀರಿನ ಪೂರೈಕೆಗೆ ನೀತಿ ಸಂಹಿತೆ ಅಡ್ಡಿಯಲ್ಲ, ಇದು ಅವರಿಗೂ ಗೊತ್ತು. ನಮ್ಮ ಶಾಲೆಯೇ ಮತಗಟ್ಟೆ. ಅಂದು ಸಿಬ್ಬಂದಿಗೆ ನೀರು ಬೇಕೆಂದು ಎರಡು ಟ್ಯಾಂಕರ್ ಕಳಿಸುವುದಾಗಿ ಈಗಾಗಲೇ ಪತ್ರ ಬಂದಿದೆ.

ಕನ್ನಡದ ಮೊದಲ ಪತ್ರಿಕೆಯನ್ನು 1843ರ ಜುಲೈ 1ರಂದು ಮಂಗಳೂರಿನಲ್ಲಿ ಹೊರಡಿಸಿದವರು ಹರ್ಮನ್ ಮೋಗ್ಲಿಂಗ್ ಎಂಬ ಮಿಷನರಿ. ಆ ನಂಟಿನ ಮೇಲಾದರೂ ಈ ಉದ್ದನೆಯ ಪತ್ರಕ್ಕೆ ಸ್ವಲ್ಪ ಹೆಚ್ಚು ಜಾಗ ಕೊಡಿ. ಕತ್ತರಿಸಲೇಬೇಕೆಂದಿದ್ದರೆ ಸುಗ್ಗಿ ಹಬ್ಬವನ್ನು ಕತ್ತರಿಸಿ, ಗುರ್ಜಿಯನ್ನು ಕತ್ತರಿಸಿ. ಆ ಅಂಕಣದ ಮಾತನ್ನು ಬಿಡಬೇಡಿ.

ಶಾಲೆಗಳು ತೆರೆಯುವುದು ಮೇ 29ಕ್ಕೆ. ಆ ಹೊತ್ತಿಗೆ ಮಳೆ ಬಂದರೂ ಬೋರು ತುಂಬುವುದು, ಹೊಳೆ ಹರಿಯುವುದು ಜುಲೈಗೆ. ಜೂನ್ ಪೂರ್ತಿ ನಮಗೆ ಟ್ಯಾಂಕರ್ ಬೇಕೇ ಬೇಕು. ಪಟ್ಟಿ ತಿದ್ದಿದರೆ ಮೇ 20ರೊಳಗೆ ತಿಳಿಸಲಿ, ಗೋವಾಕ್ಕೆ ಫೋನು ಮಾಡಿ ಮಕ್ಕಳನ್ನು ಕರೆಸಬೇಕು. ಅಪ್ಪಂದಿರು ಮೇಸ್ತ್ರಿಯ ಹತ್ತಿರ ರಜೆ ಕೇಳಿಕೊಂಡು ಬರಲು ಒಂದು ವಾರವಾದರೂ ಹಿಡಿಯುತ್ತದೆ. ಸಂಪು ತೊಳೆಸಿ ಇಟ್ಟಿದ್ದೇವೆ. ಗೇಟು ಅಗಲವಾಗಿದೆ, ಟ್ಯಾಂಕರ್ ಒಳಗೆ ಬಂದು ತಿರುಗಿಸಿಕೊಳ್ಳಲು ಜಾಗವಿದೆ.

ಇಂತಿ,
ಒಬ್ಬ ನಿವೃತ್ತ ಶಿಕ್ಷಕಿ
ಗದಗ ಜಿಲ್ಲೆ
29 ಏಪ್ರಿಲ್ 2024

(ಹೆಸರು, ವಿಳಾಸವನ್ನು ಪತ್ರಿಕೆಗೆ ಪ್ರತ್ಯೇಕವಾಗಿ ಕಳಿಸಿದ್ದೇನೆ, ಪ್ರಕಟಿಸಬಾರದಾಗಿ ಕೋರಿಕೆ.)